ಅಂತರ್ಯುದ್ಧದ ಭಾಷಣಕ್ಕೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಇಲ್ಲಿ ಇಂಗ್ಲೆಂಡಿನ ಶಾಲೆಗಳ ಹಾಫ್ ಟರ್ಮ್ ರಜೆಯಲ್ಲಿ ಇಂಗ್ಲಿಷ್ ಅಂತರ್ಯುದ್ಧದ ಭಾಷಣಕ್ಕೆ ಹೋಗೋಣ ಅಂದರೆ, "ಅದು ಅವರ ಜಗಳ, ನಮ್ಮ ಮಕ್ಕಳಿಗ್ಯಾಕೆ" ಅಂತ ಕೇಳಿದ್ದೀರಿ. ಪ್ರಶ್ನೆ ಸರಿಯಾಗೇ ಇದೆ. 1642ರಲ್ಲಿ ರಾಜ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯ್ತು, ನೇಸ್‌ಬಿ ಕದನದಲ್ಲಿ ರಾಜ ಸೋತ, ಇದೆಲ್ಲ ಶಾಲೆಯಲ್ಲೇ ಆಗುತ್ತೆ. ನಾನು ಹೋಗಿ ಅನ್ನೋದು ಗಾಯಾಳುಗಳ, ವಿಧವೆಯರ ಕಥೆಗೆ.

ಆಗ ಕೈಕಾಲು ಕಳೆದುಕೊಂಡ ಸೈನಿಕನೋ, ಗಂಡ ಸತ್ತ ಹೆಂಗಸೋ ಪಿಂಚಣಿ ಬೇಕಂದರೆ ಕೌಂಟಿಯ ನ್ಯಾಯಾಧೀಶರಿಗೆ ಅರ್ಜಿ ಹಾಕಬೇಕಿತ್ತು. ಆ ಅರ್ಜಿಗಳು ಇನ್ನೂ ಇವೆ. ಲೆಸ್ಟರ್ ಮತ್ತು ಬೇರೆ ವಿಶ್ವವಿದ್ಯಾಲಯಗಳ ಇತಿಹಾಸಕಾರರು ಸೇರಿ 'ಸಿವಿಲ್ ವಾರ್ ಪೆಟಿಷನ್ಸ್' ಅಂತ ಆನ್‌ಲೈನ್‌ನಲ್ಲಿ ಹಾಕಿದ್ದಾರೆ. ಯಾವ ಕ್ಯಾಪ್ಟನ್ ಕೈಕೆಳಗಿದ್ದೆ, ಯಾವ ಕದನದಲ್ಲಿ ಎಲ್ಲಿ ಏಟು ಬಿತ್ತು, ಈಗ ಯಾಕೆ ದುಡಿಯೋಕಾಗಲ್ಲ, ಮನೆಯಲ್ಲಿ ಎಷ್ಟು ಮಕ್ಕಳು, ಇಂಥದ್ದೆಲ್ಲ ಅರ್ಜಿಯಲ್ಲಿರುತ್ತೆ. ಎಷ್ಟೋ ಸಲ ಹೇಳಿದವರಿಗೆ ಓದುಬರಹ ಇಲ್ಲ, ಬರೆದವನು ಬೇರೆ. ಜೊತೆಗೆ ಅಧಿಕಾರಿಯ ಸರ್ಟಿಫಿಕೇಟ್ ಬೇರೆ ತರಬೇಕು! ತಾಲ್ಲೂಕು ಕಚೇರಿಗೆ ಅಲೆದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನನ್ನ ಮಗಳು ಇಯರ್ ನೈನ್, ಅಂದರೆ 13-14ರ ವಯಸ್ಸಿನವರ ತರಗತಿ. ಒಬ್ಬ ವಿಧವೆಯ ಅರ್ಜಿ ಓದಿದಾಗ ಅವಳು ಕೇಳಿದ್ದು ಒಂದೇ, "ಆಮೇಲೆ ದುಡ್ಡು ಕೊಟ್ರಾ?" ಪಾರ್ಲಿಮೆಂಟ್ ಕಡೆಯವರಿಗೆ ಕೆಲವು ವರ್ಷ ಸಿಕ್ಕಿತು. 1660ರಲ್ಲಿ ರಾಜನ ಮಗ ಸಿಂಹಾಸನಕ್ಕೆ ಬಂದ. ಹಳೇದನ್ನು ಯಾರೂ ಕೆದಕಬಾರದು ಅಂತ ಅದೇ ವರ್ಷ ಕಾನೂನಾಯ್ತು. 1662ರಲ್ಲಿ ಪಿಂಚಣಿ ರಾಜನ ಕಡೆ ಕಾದಿದವರಿಗೆ ಅಂತಾಯ್ತು. ಅದನ್ನು ಪಡೆಯೋಕೆ ಅವರು ಹಳೇದನ್ನೆಲ್ಲ ಕೆದಕಿಯೇ ಬರೀಬೇಕು. ಪಾರ್ಲಿಮೆಂಟ್ ಕಡೆಯವರು ಕಾಲು ಕಳೆದುಕೊಂಡಿದ್ದರೂ ಅದು ಅವರಿಗಲ್ಲ. ಮನೆಗೆ ಬರೋವರೆಗೂ ಕಾರಲ್ಲಿ ಇದೇ ವಾದ.

ಇನ್ನು ವೈದ್ಯದ ಭಾಗ. ಗುಂಡಿನ ಜೊತೆ ಅಂಗಿಯ ಚೂರೂ ಮೈಯೊಳಗೆ ಹೋಗುತ್ತಿತ್ತು, ಅದು ಅಲ್ಲೇ ಉಳಿದರೆ ಕೀವು. ಗಾಯ ಹಸಿಯಾಗಿರುವಾಗಲೇ ಎರಡನ್ನೂ ತೆಗೀಬೇಕು ಅಂತ ರಾಜನ ಕಡೆಯ ಸರ್ಜನ್ ರಿಚರ್ಡ್ ವೈಸ್‌ಮನ್ ಬರೆದಿದ್ದಾನೆ. ಅರಿವಳಿಕೆ ಬರೋಕೆ ಇನ್ನೂ 200 ವರ್ಷ ಇತ್ತು. ಪಾರ್ಲಿಮೆಂಟ್ ಲಂಡನ್ನಿನ ಸವಾಯ್‌ನಲ್ಲಿ ನಡೆಸಿದ ಸೈನಿಕರ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೈನಿಕರ ವಿಧವೆಯರಿಗೇ ಮೊದಲ ಅವಕಾಶ. ಜಿಸಿಎಸ್ಇಯಲ್ಲಿ (ಹದಿನಾರರ ಹೊತ್ತಿಗೆ ಬರೆಯೋ ಶಾಲಾ ಪರೀಕ್ಷೆ) ವೈದ್ಯಕೀಯ ಚರಿತ್ರೆ ತಗೊಂಡ ಮಕ್ಕಳಿಗೆ ಇದು ನೇರವಾಗಿ ಉಪಯೋಗ. ಇಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಡಾಕ್ಟರುಗಳು ಸುಮಾರು ಜನ ಇದ್ದೀರಿ, ನಿಮಗೂ ಹಿಡಿಸುತ್ತೆ.

ನಮ್ಮೂರಲ್ಲೂ ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಟ್ಟ ಶಾಸನಗಳಿವೆ. ರಜೆಗೆ ಹೋದಾಗ ವೀರಗಲ್ಲಿನ ಮುಂದೆ ಬರೀ ಫೋಟೋ ತೆಗೆದು ಬರಬೇಡಿ, ಆ ಮನೆಯವರು ಆಮೇಲೆ ಏನಾದರು ಅಂತ ಮಕ್ಕಳನ್ನು ಕೇಳಿ.

ನ್ಯೂವಾರ್ಕ್‌ನ ನ್ಯಾಷನಲ್ ಸಿವಿಲ್ ವಾರ್ ಸೆಂಟರ್‌ನಿಂದ ಶುರು ಮಾಡಿ, ಆ ಊರೇ ಮೂರು ಸಲ ಮುತ್ತಿಗೆ ಕಂಡಿದ್ದು. ಹತ್ತು ವರ್ಷದೊಳಗಿನವರಿಗೆ ಸರ್ಜರಿ ಭಾಷಣ ಬೇಡ, ಗರಗಸದ ಚಿತ್ರಗಳು ಜಾಸ್ತಿ ಇರುತ್ತವೆ. ಅರ್ಜಿಗಳ ಭಾಷಣವಾದರೆ ಧಾರಾಳವಾಗಿ ಹೋಗಬಹುದು. ಕೊನೆಯ ಪ್ರಶ್ನೋತ್ತರ ಬಿಟ್ಟು ಮಾತ್ರ ಎದ್ದು ಬರಬೇಡಿ.