ಅಪ್‌ಡೇಟ್: ಚಿಕ್ಕ ಪಾಡ್ ಸಾಧನದ ಸುಟ್ಟ ರುಚಿ, ಸೋರಿಕೆ

ಸಿಗರೇಟು ಬಿಡಲೆಂದು ಮತ್ತೆ ಮತ್ತೆ ನಿಕೋಟಿನ್ ದ್ರವ ತುಂಬಿಸಬಹುದಾದ ಪಾಡ್ ವೇಪ್ (ಪಾಡ್ ಎಂಬ ಪುಟ್ಟ ದ್ರವದ ಡಬ್ಬಿ ಇರುವ ಇ-ಸಿಗರೇಟು) ಕೊಂಡಿದ್ದೆ. ಸುಟ್ಟ ರುಚಿ ಬರುತ್ತಿದೆ, ಕೆಳಗೆ ಜಿನುಗುತ್ತಿದೆ, ಇಟ್ಟುಕೊಳ್ಳಲೇ ಬೇಡವೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಸುಟ್ಟ ರುಚಿ ಹೋಗಿದೆ. ಹೊಸ ಪಾಡ್‌ಗೆ ದ್ರವ ತುಂಬಿ ಹತ್ತು ನಿಮಿಷ ಬಿಟ್ಟರೆ ದ್ರವ ಕಾಯಿಸುವ ತಂತಿಸುರುಳಿಯಾದ ಕಾಯಿಲ್‌ನ ಹತ್ತಿ ಪೂರ್ತಿ ನೆನೆಯುತ್ತದೆ. ಒಣಹತ್ತಿ ಕಾದಾಗಲೇ ಆ ಕಮಟು ಏಳುವುದು. ದ್ರವವನ್ನೂ ಬದಲಿಸಿದೆ. ಶೇ 70ರಷ್ಟು ಗ್ಲಿಸರಿನ್ ಇರುವ ಮಂದ ದ್ರವ ಇಷ್ಟು ಸಣ್ಣ ಕಾಯಿಲ್‌ಗೆ ಬೇಗ ಇಳಿಯುವುದಿಲ್ಲ. ಗ್ಲಿಸರಿನ್ ಮತ್ತು ಅದಕ್ಕಿಂತ ತೆಳುವಾದ ಪ್ರೊಪಿಲೀನ್ ಗ್ಲೈಕಾಲ್ ಸಮಪಾಲು ಇರುವುದು ಸರಾಗವಾಗಿ ಇಳಿಯುತ್ತದೆ.

ಕೆಳಗಿನ ತೇವ ಬಹುಪಾಲು ತಣಿದ ಆವಿ, ಒರೆಸಿದರೆ ಸಾಕು. ಆದರೆ ತುಂಬುವ ರಂಧ್ರದ ರಬ್ಬರ್ ಮುಚ್ಚಳ ತೀರ ಸಡಿಲ. ಈ ವಿನ್ಯಾಸವನ್ನು ನಾನು ಒಪ್ಪಲಾರೆ. ನಿಕೋಟಿನ್ ಚರ್ಮದ ಮೂಲಕವೂ ಒಳಸೇರುತ್ತದೆ, ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ಬಾಟಲಿಯನ್ನು ಬೀಗ ಹಾಕಿದ ಕಪಾಟಿನಲ್ಲೇ ಇಡುತ್ತೇನೆ.

ಸಿಗರೇಟು ನಿಂತಿದೆ, ನಿಕೋಟಿನ್ ಚಟ ನಿಂತಿಲ್ಲ. ಮಿಲಿಲೀಟರಿಗೆ 20 ಮಿಲಿಗ್ರಾಂ ಇದ್ದದ್ದನ್ನು 10ಕ್ಕೆ ಇಳಿಸಿದ್ದೇನೆ. ಮುಂದೆ ಇದನ್ನೂ ಬಿಟ್ಟು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗೆ ಹೋಗುವ ಬಗ್ಗೆ ವೈದ್ಯರೊಂದಿಗೆ ಮಾತನಾಡುತ್ತಿದ್ದೇನೆ. ಸಿಗರೇಟು ಸೇದದವರು ದಯವಿಟ್ಟು ಇದನ್ನು ಮುಟ್ಟಲೇಬೇಡಿ.