ಹೋರಾಟ ಸಮಿತಿಯೊಳಗೆ ಹಣ ಪಡೆಯುವ ಬಾತ್ಮೀದಾರ: ಕಾನೂನಿನಲ್ಲಿ ಏನಿದೆ, ನಾವೇನು ಮಾಡಬೇಕು?

ಪ್ರಶ್ನೆ: ಕಬ್ಬು ಬೆಳೆಗಾರ, ಬೈಲಹೊಂಗಲ ತಾಲ್ಲೂಕು

ಮಾನ್ಯರೇ,

ನಮ್ಮ ಭಾಗದ ಕಬ್ಬು ಬೆಳೆಗಾರರು ಸೇರಿ ಮಾಡಿಕೊಂಡ ಸಣ್ಣದೊಂದು ಸಮಿತಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಸಕ್ಕರೆ ಕಾರ್ಖಾನೆಯವರು ಬಿಲ್ಲಿನ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿಯೇ ಇದ್ದರೂ, ನಾಲ್ಕು ತಿಂಗಳ ಬಾಕಿಗಾಗಿ ನಾವು ಕಳೆದ ತಿಂಗಳು ರಸ್ತೆಗಿಳಿಯಬೇಕಾಯಿತು. ಅದೇ ರಾತ್ರಿ ಖಾಲಿ ಟ್ರ್ಯಾಕ್ಟರ್ ಡಬ್ಬಿಯೊಂದಕ್ಕೆ ಬೆಂಕಿ ಬಿದ್ದು, ನಮ್ಮ ಇಬ್ಬರು ಹುಡುಗರ ಮೇಲೆ ಪ್ರಕರಣ ದಾಖಲಾಯಿತು.

ಕಳೆದ ವಾರ ಸದಸ್ಯನೊಬ್ಬ ತಾನಾಗಿಯೇ ನಮ್ಮ ಮನೆಗೆ ಬಂದು, ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು, ಎಂಟು ತಿಂಗಳಿಂದ ಸಭೆಯ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುತ್ತಿದ್ದುದಾಗಿ ಒಪ್ಪಿಕೊಂಡ. ಸುದ್ದಿ ಕೊಟ್ಟಾಗ ಐನೂರು ರೂಪಾಯಿ ಸಿಗುತ್ತಿತ್ತಂತೆ, 'ಇವತ್ತು ಏನೂ ವಿಶೇಷವಿಲ್ಲ' ಎಂದ ದಿನ ಚಹಾದ ದುಡ್ಡೂ ಇರುತ್ತಿರಲಿಲ್ಲವಂತೆ. ನನಗೆ ನಿದ್ದೆಗೆಡಿಸಿರುವುದು ಅವನು ಸುದ್ದಿ ಕೊಟ್ಟದ್ದಲ್ಲ, ಏಕೆಂದರೆ ನಮ್ಮ ಸಭೆಗಳಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. 'ಬರೀ ಮನವಿ ಕೊಟ್ಟರೆ ಯಾರೂ ಕೇಳುವುದಿಲ್ಲ, ಏನಾದರೂ ಉರಿಯಬೇಕು' ಎಂದು ಸಭೆಯಲ್ಲಿ ಮೊದಲು ಹೇಳಿದವನು ಅವನೇ. ಆ ಮಾತನ್ನು ನಾನು ನಡಾವಳಿ ಪುಸ್ತಕದಲ್ಲಿ ಬರೆದು, ಆಮೇಲೆ ಚೆನ್ನಾಗಿ ಕಾಣಲಿಕ್ಕಿಲ್ಲವೆಂದು ಒಂದು ಗೆರೆ ಎಳೆದು ಹೊಡೆದುಹಾಕಿದ್ದೆ. ಡೀಸೆಲ್ ಕ್ಯಾನು ತಂದವನೂ ಅವನೇ ಎಂದು ಹುಡುಗರು ಹೇಳುತ್ತಾರೆ. ಅದು ತನ್ನ ಪಂಪಿಗೆ ತಂದದ್ದು ಎನ್ನುತ್ತಾನೆ ಅವನು.

ಹೀಗೆ ಹಣ ಕೊಟ್ಟು ಒಳಗಿನವರನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವೇ? ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಪೊಲೀಸರು ಹೇಳುತ್ತಾರೆಯೇ? ಅವನನ್ನು ಏನು ಮಾಡಬೇಕು?

ಉತ್ತರ 1: ವಕೀಲರು, ಬೆಳಗಾವಿ

ಬಾತ್ಮೀದಾರರನ್ನು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ನಿಷೇಧವಿಲ್ಲ. ಯಾರನ್ನು, ಯಾರ ಅನುಮತಿಯಿಂದ, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಹೇಳುವ ಪ್ರತ್ಯೇಕ ಕಾಯ್ದೆಯೂ ಇಲ್ಲ. ಬ್ರಿಟನ್ನಿನಲ್ಲಿ ಇದಕ್ಕಾಗಿ 2000ದಲ್ಲಿ ಒಂದು ಕಾಯ್ದೆ ಬಂದು, 2021ರಲ್ಲಿ ಇನ್ನೊಂದು ಸೇರಿಕೊಂಡಿತು. ನಮ್ಮಲ್ಲಿ ಇರುವುದು ಮುಖ್ಯವಾಗಿ ಹೆಸರನ್ನು ಗುಟ್ಟಾಗಿಡುವ ಕಲಂಗಳು. ಅಪರಾಧದ ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂಬ, 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಮಿನ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಮಿನಲ್ಲಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕೂಡ ಗೋಪ್ಯವಾಗಿ ನೆರವಾದವರ ಗುರುತಿಗೆ ರಕ್ಷಣೆ ಕೊಡುತ್ತದೆ. ಆದ್ದರಿಂದ 'ನಮ್ಮೊಳಗೆ ಯಾರಿದ್ದಾರೆ' ಎಂದು ಅರ್ಜಿ ಹಾಕಿದರೆ ಅಂಚೆ ಖರ್ಚು ದಂಡ.

ಆದರೆ ಈ ರಕ್ಷಣೆ ಸುದ್ದಿ ಕೊಟ್ಟದ್ದಕ್ಕೇ ಹೊರತು, ಬೆಂಕಿ ಹಚ್ಚಲು ಹುರಿದುಂಬಿಸಿದ್ದಕ್ಕಲ್ಲ. ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಮಿನ ಪ್ರಕಾರ ಪ್ರಚೋದಿಸಿದವನು ದುಷ್ಪ್ರೇರಕನೇ, ಅಂದರೆ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೇ. ಅವನ ಜೇಬಿಗೆ ಯಾರ ದುಡ್ಡು ಬರುತ್ತಿತ್ತು ಎಂಬುದರಿಂದ ಅದು ಬದಲಾಗುವುದಿಲ್ಲ. ಅಪರಾಧ ಮಾಡಲು ಸಿದ್ಧನಾಗಿ ಬಂದವನಿಗೆ ಬಲೆ ಒಡ್ಡುವುದೇ ಬೇರೆ, ಸುಮ್ಮನಿದ್ದವನಿಗೆ ಆಸೆ ಹುಟ್ಟಿಸಿ ಅಪರಾಧಕ್ಕೆ ಇಳಿಸುವುದೇ ಬೇರೆ ಎಂಬುದನ್ನು ಸುಪ್ರೀಂ ಕೋರ್ಟ್ 1956ರಲ್ಲಿಯೇ ರಾಮ್‌ಜನಮ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಹೇಳಿದೆ. ಇದರಿಂದ ಹುಡುಗರು ತಾವಾಗಿಯೇ ಬಿಡುಗಡೆಯಾಗುತ್ತಾರೆ ಎಂದು ತಿಳಿಯಬೇಡಿ. ಬೆಂಕಿ ಹಚ್ಚಿದ್ದು ಸಾಬೀತಾದರೆ, ಪ್ರಚೋದನೆ ಹೆಚ್ಚೆಂದರೆ ಶಿಕ್ಷೆಯ ಪ್ರಮಾಣದ ಮೇಲೆ ಪರಿಣಾಮ ಬೀರಬಹುದು.

ನಡಾವಳಿ ಪುಸ್ತಕವನ್ನು ಜೋಪಾನವಾಗಿಡಿ. ಹೊಡೆದುಹಾಕಿದ ಸಾಲನ್ನು ತಿದ್ದಲು ಹೋಗಬೇಡಿ, ಪುಟ ಹರಿಯಬೇಡಿ. ಅದು ನಿಮ್ಮ ಪರವಾಗಿಯೂ ವಿರುದ್ಧವಾಗಿಯೂ ಓದಿಸಿಕೊಳ್ಳುವ ಸಾಲು, ಆದ್ದರಿಂದ ನಿಮ್ಮ ವಕೀಲರಿಗೆ ಮೊದಲೇ ತೋರಿಸಿ.

ಉತ್ತರ 2: ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಬಾಗಲಕೋಟೆ

ವಕೀಲ ಸಾಹೇಬರು ಹೇಳಿದ್ದು ಸರಿಯಿದೆ, ಆದರೆ ಇಲಾಖೆಯ ಕಡೆಯಿಂದಲೂ ಒಂದು ಮಾತು ಇರಲಿ. ಎಷ್ಟು ಮಂದಿ ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ, ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂಬುದು ಗೊತ್ತಿಲ್ಲದೆ ಬಂದೋಬಸ್ತ್ ಮಾಡಲಾಗುವುದಿಲ್ಲ. ಇದನ್ನೆಲ್ಲ ನಾನು ಮಫ್ತಿಯಲ್ಲಿ ಹೋಗಿ, ಸಂಘಟಕರನ್ನೇ ಕೇಳಿ, ಅವರು ಕೊಟ್ಟ ಚಹಾ ಕುಡಿದು ಬರೆದುಕೊಂಡು ಬರುತ್ತಿದ್ದೆ. ನಾನು ಯಾರೆಂದು ಅವರಿಗೆಲ್ಲ ಗೊತ್ತಿತ್ತು. ಹೆಚ್ಚಿನ ಬಾತ್ಮೀದಾರರು ದುಡ್ಡಿಗೆ ಬಂದವರೂ ಅಲ್ಲ. ಮುಖಂಡನ ಮೇಲಿನ ಹೊಟ್ಟೆಕಿಚ್ಚು, ಠಾಣೆಯಲ್ಲಿ ಆಗಬೇಕಾದ ಒಂದು ಕೆಲಸ, ಇವೇ ಅವರನ್ನು ಕರೆತರುತ್ತಿದ್ದವು.

ದುಡ್ಡಿಗೆ ಬಂದವನ ಸುದ್ದಿಯ ರುಚಿಯೇ ಬೇರೆ. ಆಲಮಟ್ಟಿ ಹಿನ್ನೀರಿನ ಸಂತ್ರಸ್ತರ ಧರಣಿಯೊಂದರ ಹಿಂದಿನ ದಿನ ಅಂಥವನೊಬ್ಬ ಓಡಿಬಂದು, ನೂರಾರು ಮಂದಿ ಜಲಸಮಾಧಿಗೆ ತಯಾರಾಗಿದ್ದಾರೆ ಎಂದ. ದೋಣಿ, ಹಗ್ಗ, ಅಗ್ನಿಶಾಮಕ ದಳ ಎಲ್ಲವನ್ನೂ ತರಿಸಿ ಬೆಳಗಿನ ಐದಕ್ಕೆ ನದಿ ದಂಡೆಯಲ್ಲಿ ನಿಂತೆವು. ಹತ್ತು ಗಂಟೆಗೆ ಇಪ್ಪತ್ತು ಮಂದಿ ಹಿರಿಯರು ತಾಳ ಹಿಡಿದು ಭಜನೆ ಮಾಡುತ್ತ ಬಂದು, ತಹಶೀಲ್ದಾರರಿಗೆ ಮನವಿ ಕೊಟ್ಟು, ರೊಟ್ಟಿ ಗಂಟು ಬಿಚ್ಚಿ ಉಂಡು ಹೋದರು. ಅವನಿಗೆ ನಾವು ದುಡ್ಡು ಕೊಟ್ಟಾಗಿತ್ತು. ಅಂಥವನು ಸುದ್ದಿ ಇಲ್ಲದಿದ್ದರೆ ಊದಿಸುತ್ತಾನೆ, ಊದಿಸಿದ್ದು ಸಾಲದಿದ್ದರೆ ತಾನೇ ಹುಟ್ಟಿಸುತ್ತಾನೆ. ಇನ್ನೊಬ್ಬರಿಂದ ತಾಳೆ ನೋಡದೆ ಇಂಥವರ ಮಾತು ನಂಬಬಾರದೆಂದು ಹೊಸ ಹುಡುಗರಿಗೆ ನಾನು ಹೇಳುತ್ತಲೇ ಇದ್ದೆ.

ಉತ್ತರ 3: ಉಪನ್ಯಾಸಕಿ, ವಿಜಯಪುರ

ಹಿರಿಯರು ಹೇಳಿದ್ದೇ ಈ ವಿಷಯದ ಗಂಟು. 2018ರ ಆದಾಯ ತೆರಿಗೆ ಮಾಹಿತಿದಾರರ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಇನಾಮು ಇತ್ತು, ಆದರೆ ಅಲ್ಲಿ ವಸೂಲಾದ ತೆರಿಗೆಯೇ ಅಳತೆಗೋಲು. ಹೋರಾಟದ ಗುಂಪಿನಲ್ಲಿ ಅಪರಾಧವೇ ನಡೆಯದಿದ್ದರೆ ಅಳೆಯುವುದು ಯಾವುದನ್ನು? ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಚಳವಳಿಗಳನ್ನು ಒಳಗಿನಿಂದ ಒಡೆಯಲು 1956ರಿಂದ 1971ರವರೆಗೆ ಗುಟ್ಟಾಗಿ ನಡೆಸಿದ ಕೋಯಿಂಟೆಲ್‌ಪ್ರೊ ಕಾರ್ಯಾಚರಣೆಯ ಕಾಲದಲ್ಲಿ ವಿಲಿಯಂ ಓನೀಲ್ ಎಂಬ ಬಾತ್ಮೀದಾರ ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಷಿಕಾಗೊ ಮುಖಂಡ ಫ್ರೆಡ್ ಹ್ಯಾಂಪ್ಟನ್‌ರ ಮನೆಯ ನಕ್ಷೆ ಒದಗಿಸಿದ. 1969ರ ಡಿಸೆಂಬರ್ 4ರ ನಸುಕಿನ ದಾಳಿಯಲ್ಲಿ ಹ್ಯಾಂಪ್ಟನ್ ಹತರಾದ ಮೇಲೆ ಓನೀಲನಿಗೆ 300 ಡಾಲರ್ ಇನಾಮು ಸಿಕ್ಕಿತು. ಪ್ರತಿ ಅಂಚೆಪೆಟ್ಟಿಗೆಯ ಹಿಂದೆಯೂ ಎಫ್‌ಬಿಐನವನೊಬ್ಬನಿದ್ದಾನೆ ಎಂಬ ಭ್ರಮೆ ಚಳವಳಿಗಾರರಲ್ಲಿ ಮೂಡಬೇಕು ಎಂದು ಅದೇ ಸಂಸ್ಥೆಯ ಕಡತವೊಂದರಲ್ಲಿ ಬರೆದಿತ್ತು.

ಈ ಕೊನೆಯ ಮಾತು ನನ್ನ ಅನುಭವಕ್ಕೂ ಬಂದಿದೆ. ನಮ್ಮ ಗುಂಪಿನ ಹುಡುಗನೊಬ್ಬ ಹೊಸ ಬೈಕು ತಂದಾಗ, ಇವನೇ ಸುದ್ದಿ ಕೊಡುವವನೆಂದು ನಾವು ಪಿಸುಗುಟ್ಟಿದೆವು. ಅವನು ಒಂದು ಮಾತೂ ಆಡದೆ ಬರುವುದನ್ನು ನಿಲ್ಲಿಸಿದ. ಅವನ ಸೋದರಮಾವ ಎಮ್ಮೆ ಮಾರಿ ಬೈಕು ಕೊಡಿಸಿದ್ದೆಂದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ. ಆದ್ದರಿಂದ ಅಣ್ಣನವರೇ, 'ಇನ್ನೂ ಯಾರಿದ್ದಾರೆ' ಎಂದು ಹುಡುಕಲು ಹೊರಡಬೇಡಿ. ಸಭೆಯನ್ನು ಗುಡಿಯ ಕಟ್ಟೆಯ ಮೇಲೆ ಬಹಿರಂಗವಾಗಿ ನಡೆಸಿ, ಬೆಂಕಿಯ ಮಾತೆತ್ತಿದವರು ಯಾರೇ ಇರಲಿ, ಅದನ್ನು ಹೆಸರಿನ ಸಮೇತ ಬರೆದು ಓದಿ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಿನ್ನೆಯ ಸಭೆಗೆ ಅವನೂ ಬಂದಿದ್ದ. ಬಾಗಿಲ ಹತ್ತಿರ ಕುಳಿತು, ಎಲ್ಲರೆದುರು ಎಲ್ಲವನ್ನೂ ಹೇಳಿದ, ಕ್ಯಾನಿನ ಮಾತೊಂದನ್ನು ಬಿಟ್ಟು. ಸದ್ಯಕ್ಕೆ ಅವನನ್ನು ತೆಗೆದುಹಾಕಿಲ್ಲ, ಯಾವ ಜವಾಬ್ದಾರಿಯನ್ನೂ ಕೊಟ್ಟಿಲ್ಲ. ವಕೀಲರೇ, ಆ ದಿನ ಡೀಸೆಲ್ ತುಂಬಿಸಿದ್ದು ನಮ್ಮ ರಸ್ತೆಯ ಪೆಟ್ರೋಲ್ ಬಂಕಿನಲ್ಲಿಯೇ ಎಂದು ಹುಡುಗರು ಹೇಳುತ್ತಾರೆ. ಅಲ್ಲಿ ಕ್ಯಾಮೆರಾ ಇದೆ. ಕೇಳಿದರೆ ಕೊಡುತ್ತಾರೆಯೇ?

ವಕೀಲರು, ಬೆಳಗಾವಿ

ನಿಮಗೆ ಕೊಡಲಿಕ್ಕಿಲ್ಲ. ನ್ಯಾಯಾಲಯದ ಆದೇಶವಿದ್ದರೆ ಕೊಡಲೇಬೇಕು. ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತ ಹೋಗುತ್ತವೆ, ಆಗಲೇ ಒಂದು ತಿಂಗಳು ಕಳೆದಿದೆ. ದೃಶ್ಯವನ್ನು ಅಳಿಸದೆ ಉಳಿಸಿಡುವಂತೆ ಬಂಕಿನವರಿಗೆ ಇವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ, ನಾಳೆ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ.