ಪದಚರ್ಚೆ: ಕಾಲಂ ‘ಪ್ರೊಫೈಲ್’ ಮಾಡುವುದಕ್ಕೆ ಏನನ್ನೋಣ? (ತುರ್ತು)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡೇಟಾಬೇಸ್ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಕಡತ ಒಪ್ಪಿಸಬೇಕು. ಒಂದು ಗುಂಡಿಯ ಮೇಲೆ ‘ಪ್ರೊಫೈಲ್ ಕಾಲಂ’ ಎಂದಿದೆ. ಕಾಲಂ ಎಂದರೆ ಕೋಷ್ಟಕದ ಉದ್ದಸಾಲು. ಅದನ್ನು ಒತ್ತಿದರೆ ಆ ಕಾಲಂನಲ್ಲಿ ಎಷ್ಟು ಕಡೆ ಬೆಲೆಯೇ (ದುಡ್ಡಿನ ಬೆಲೆಯಲ್ಲ, ‘ವ್ಯಾಲ್ಯೂ’, ಅಂದರೆ ಅಲ್ಲಿ ತುಂಬಿದ ಮಾಹಿತಿ) ಇಲ್ಲ, ಬೇರೆ ಬೇರೆ ಬೆಲೆಗಳು ಎಷ್ಟು, ಅತಿ ಚಿಕ್ಕದು ಅತಿ ದೊಡ್ಡದು ಯಾವುದು, ಹೆಚ್ಚು ಸಲ ಬಂದದ್ದು ಯಾವುದು ಎಂದೆಲ್ಲ ಪಕ್ಕದಲ್ಲಿ ಬರುತ್ತದೆ. ಏನನ್ನೂ ತಿದ್ದುವುದಿಲ್ಲ, ಬರೀ ತೋರಿಸುತ್ತದೆ. ಹಳೆಯ ಕಡತದಲ್ಲಿ ‘ದತ್ತಾಂಶ ಸ್ತಂಭ ರೂಪರೇಖಾ ವಿಶ್ಲೇಷಣೆ’ ಎಂದಿದೆ. ಗುಂಡಿಯಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಯಾರೂ ಒತ್ತುವುದಿಲ್ಲ. ಜೊತೆಗೆ ‘ಡಿಸ್ಟಿಂಕ್ಟ್’, ‘ಯುನೀಕ್’ ಎರಡಕ್ಕೂ ‘ಅನನ್ಯ’ ಎಂದೇ ಹಾಕಿದ್ದಾರೆ. ದಯವಿಟ್ಟು ಸಹಾಯ ಮಾಡಿ.

ಉತ್ತರ 1:
ಪದದ ಬೇರು ನೋಡಿ. ಇಟಾಲಿಯನ್ನಿನ ‘ಪ್ರೊಫಿಲೊ’ದಿಂದ ಬಂದದ್ದು. ಅದರೊಳಗಿರುವುದು ಲ್ಯಾಟಿನ್ನಿನ ‘ಫೀಲುಂ’, ಅಂದರೆ ನೂಲು. ನೂಲಿನಂಥ ಗೆರೆಯಲ್ಲಿ ಹೊರ ಆಕಾರ ಬಿಡಿಸುವುದು. ಆದ್ದರಿಂದ ‘ಹೊರಗೆರೆ’. ಕಾಲಂಗೆ ‘ಅಂಕಣ’ ಅನ್ನಲು ಹೋಗಬೇಡಿ. ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. ಲ್ಯಾಟಿನ್ನಿನ ‘ಕೊಲುಮ್ನ’ ಎಂದರೆ ಕಂಬ. ಪತ್ರಿಕೆಯವರು ಕಂಬ ಬಿಟ್ಟು ಸಂದಿಗೆ ಹೆಸರಿಟ್ಟರು, ಅದೇ ನಿಂತುಬಿಟ್ಟಿತು. ಗಣಿತದ ಪಠ್ಯಗಳಲ್ಲಿ ‘ಕಂಬಸಾಲು’ ಇದೆಯಲ್ಲ, ಅದೇ ಸಾಕು.

ಉತ್ತರ 2:
ನೂಲು ಹಿಡಿದು ಹೋದರೆ ಕೆಲಸದ ಅರ್ಥ ಸಿಗುವುದಿಲ್ಲ ಸಾರ್. ಇಲ್ಲಿ ನೋಡುವುದು ಹೊರಗನ್ನಲ್ಲ, ಒಳಗನ್ನು.
ದಿನಾಂಕದ ಕಾಲಂ ತಗೊಳ್ಳಿ. ಹುಟ್ಟಿದ ದಿನಗಳಲ್ಲಿ ಅತಿ ಹಳೆಯದು 1900 ಜನವರಿ 1 ಎಂದು ಬಂತು, ಸಾವಿರಾರು ಸಾಲುಗಳಲ್ಲಿ ಅದೇ ಇದೆ ಅನ್ನಿ. ಅಷ್ಟೂ ಜನ ಒಂದೇ ದಿನ ಹುಟ್ಟಿರುವುದಿಲ್ಲ ಅಲ್ವಾ? ದಿನಾಂಕ ಗೊತ್ತಿಲ್ಲದಾಗ ಯಾರೋ ತುಂಬಿಸಿದ್ದು. 1970 ಜನವರಿ 1 ಕಂಡರೆ ಎಲ್ಲೋ ಸೊನ್ನೆಯೊಂದು ದಿನಾಂಕವಾಗಿ ಬದಲಾಗಿರಬಹುದು, ಏಕೆಂದರೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಗಡಿಯಾರದ ಎಣಿಕೆ ಶುರುವಾಗುವುದು ಅಲ್ಲಿಂದ. ಮುಗಿಯುವ ದಿನದ ಕಾಲಂನಲ್ಲಿ 9999 ಡಿಸೆಂಬರ್ 31 ಇದ್ದರೆ ಸಾಮಾನ್ಯವಾಗಿ ‘ಇನ್ನೂ ಮುಗಿದಿಲ್ಲ’ ಎಂದರ್ಥ. ಫೋನ್ ನಂಬರ್ ಕಾಲಂನಲ್ಲಿ ಕೆಲವು ಒಂದಂಕಿ ಗಿಡ್ಡ ಇದ್ದರೆ, ಅದನ್ನು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆ ನುಂಗಿರುವ ಸಾಧ್ಯತೆ ಜಾಸ್ತಿ. ಬೇರೆ ಬೇರೆ ಬೆಲೆಗಳ ಎಣಿಕೆ ಸಾಲುಗಳ ಎಣಿಕೆಗೆ ಸಮ ಬಂದರೆ, ಆ ಕಾಲಂ ಕೀಲಿಯಾಗಬಲ್ಲದು, ಅಂದರೆ ಅದರಿಂದಲೇ ಪ್ರತಿ ಸಾಲನ್ನೂ ಗುರುತಿಸಬಹುದು. ಇವೆಲ್ಲ ಗುರುತುಗಳು. ಕಾಣೆಯಾದವರ ಪ್ರಕಟಣೆಯಲ್ಲಿ ಎತ್ತರ, ಮೈಬಣ್ಣ, ಮಚ್ಚೆ ಬರೆಯುವ ಹಾಗೆ. ಅದಕ್ಕೆ ನಮ್ಮಲ್ಲಿ ಪದ ಇದೆ: ಚಹರೆ. ‘ಕಾಲಂ ಚಹರೆ’ ಎಂದು ಹಾಕಿ.

ಉತ್ತರ 3:
‘ಚಹರೆ’ ಪಾರ್ಸಿ. ‘ಕಾಲಂ’ ಇಂಗ್ಲಿಷು. ಇದನ್ನು ಕನ್ನಡ ಮಾಡುವುದು ಅಂತೀರಾ? ‘ಕಂಬಸಾಲಿನ ಮೊಗ’ ಎನ್ನಿ.

ಉತ್ತರ 4:
ಮೊಗ ಎಂಬುದು ಮುಖದ ತದ್ಭವ.

ಉತ್ತರ 3:
ಸಂಸ್ಕೃತದ ‘ಮುಖ’ವೇ ದ್ರಾವಿಡದಿಂದ ಹೋದದ್ದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಓದಿಕೊಂಡು ಬನ್ನಿ.

ಉತ್ತರ 5:
‘ಜಾತಕ’ ಆಗಬಹುದಾ?

ಉತ್ತರ 2:
ಆಗಲ್ಲ. ಜಾತಕ ಮುಂದಾಗುವುದನ್ನು ಹೇಳುತ್ತದೆ. ಇದು ಈಗ ಇರುವುದನ್ನು ಹೇಳುತ್ತದೆ.

ಪ್ರಶ್ನೆ ಕೇಳಿದವರಿಂದ:
ಚಹರೆ ಹಿಡಿಸಿತು. ಗುಂಡಿಯಲ್ಲೂ ಹಿಡಿಯುತ್ತದೆ. ಈಗ ‘ನಲ್’ ಉಳಿದಿದೆ. ಹಳೆಯ ಕಡತದಲ್ಲಿ ‘ಶೂನ್ಯ’ ಎಂದಿದೆ.

ಉತ್ತರ 2:
ಅದನ್ನು ಮೊದಲು ತೆಗೆಯಿರಿ. ಸೊನ್ನೆ ಒಂದು ಬೆಲೆ. ನಲ್ ಎಂದರೆ ಬೆಲೆಯೇ ಇಲ್ಲ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ನಲ್‌ಗೆ ನಲ್ ಸಮವೇ ಎಂದು ಕೇಳಿದರೆ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ, ‘ತಿಳಿಯದು’ ಅನ್ನುತ್ತದೆ. ಅದರಲ್ಲಿ ಎಣಿಸುವ ಆಜ್ಞೆಯಾದ ಕೌಂಟ್‌ಗೆ ಕಾಲಂ ಹೆಸರು ಕೊಟ್ಟರೆ ನಲ್‌ಗಳನ್ನು ಬಿಟ್ಟು ಎಣಿಸುತ್ತದೆ, ನಕ್ಷತ್ರದ ಗುರುತು (*) ಕೊಟ್ಟರೆ ಎಲ್ಲ ಸಾಲನ್ನೂ ಎಣಿಸುತ್ತದೆ. ಎರಡರ ವ್ಯತ್ಯಾಸವೇ ನಿಮ್ಮ ತೆರೆಯ ಮೇಲಿನ ಆ ಸಂಖ್ಯೆ. ಅಲ್ಲಿ ‘ಶೂನ್ಯ: 40’ ಎಂದು ಕಂಡರೆ ಓದುವವರು ನಲವತ್ತು ಕಡೆ ಸೊನ್ನೆ ಇದೆ ಎಂದುಕೊಳ್ಳುತ್ತಾರೆ. ‘ಬೆಲೆ ಇಲ್ಲ’ ಎಂದು ಹಾಕಿ. ಒಂದಕ್ಷರವೂ ಇಲ್ಲದ ಪಠ್ಯಕ್ಕೆ ‘ಖಾಲಿ’ ಇಟ್ಟುಕೊಳ್ಳಿ. ಒರಾಕಲ್ ಎಂಬ ಡೇಟಾಬೇಸ್ ಖಾಲಿ ಪಠ್ಯವನ್ನೂ ನಲ್ ಎಂದೇ ನೋಡುತ್ತದೆ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಹಾಗಲ್ಲ. ಹಾಗಾಗಿ ಎರಡು ಪದ ಬೇಕೇ ಬೇಕು.

ಉತ್ತರ 3:
‘ಖಾಲಿ’ ಅರಬ್ಬಿ. ‘ಬರಿದು’ ಸತ್ತುಹೋಗಿದೆಯಾ?

ಉತ್ತರ 4:
ಅರ್ಜಿ, ದಾಖಲೆ, ಜಮೀನು ಎಲ್ಲ ಹೊರಗಿನವೇ. ನಿಮ್ಮ ದಾರಿ ಹಿಡಿದರೆ ಕಚೇರಿಯಲ್ಲಿ ಬಾಯಿ ಬಿಡುವ ಹಾಗೇ ಇಲ್ಲ. ಅಂದ ಹಾಗೆ ‘ಕಚೇರಿ’ಯೂ ಹೊರಗಿನದೇ.

ಉತ್ತರ 1:
‘ದತ್ತಾಂಶ’ವನ್ನು ಯಾರೂ ಸಮರ್ಥಿಸಲಿಲ್ಲವಲ್ಲ. ‘ಡೇಟಾ’ ಲ್ಯಾಟಿನ್ನಿನಲ್ಲಿ ಕೊಟ್ಟದ್ದು, ‘ದತ್ತ’ ಸಂಸ್ಕೃತದಲ್ಲಿ ಕೊಟ್ಟದ್ದು. ಎರಡಕ್ಕೂ ಬೇರು ಒಂದೇ. ಇಷ್ಟು ಸರಿಯಾಗಿ ಕೂರುವ ಪದ ಸಿಗುವುದು ಅಪರೂಪ.

ಉತ್ತರ 2:
ಗುಂಡಿಯ ಮೇಲೆ ಆ ಪದವೇ ಇಲ್ಲ ಸಾರ್. ಸುಮ್ನೆ ಎಳೆಯಬೇಡಿ. ಅವರು ಕೇಳಿದ ಇನ್ನೊಂದು ಬಾಕಿ ಇದೆ. ಒಂದು ಕಾಲಂನಲ್ಲಿ ಕೆಂಪು, ಕೆಂಪು, ಹಸಿರು, ನೀಲಿ ಇದೆ ಅನ್ನಿ. ಡಿಸ್ಟಿಂಕ್ಟ್ 3, ಯುನೀಕ್ 2. ಕೆಂಪು ಎರಡು ಸಲ ಬಂತು, ಅದಕ್ಕೇ ಯುನೀಕ್ ಲೆಕ್ಕದಿಂದ ಬಿತ್ತು. ಎರಡಕ್ಕೂ ‘ಅನನ್ಯ’ ಹಾಕಿದರೆ ಒಂದೇ ಹೆಸರಿನ ಮುಂದೆ ಎರಡು ಸಂಖ್ಯೆ ಕಾಣುತ್ತದೆ. ‘ಬೇರೆ ಬೇರೆ ಬೆಲೆಗಳು’, ‘ಒಂದೇ ಸಲ ಬಂದವು’ ಎಂದು ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಅವು ಗುಂಡಿಯಲ್ಲ. ಇನ್ನೊಂದು ಮಾತು. ಎಷ್ಟು ಸಾಲು ನೋಡಿ ಈ ಲೆಕ್ಕ ಹೇಳುತ್ತಿದೆ ಎಂಬುದೂ ತೆರೆಯ ಮೇಲೆ ಇರಲಿ. ಎಕ್ಸೆಲ್ ಜೊತೆ ಬರುವ ಪವರ್ ಕ್ವೆರಿ ಎಂಬ ಸಾಧನ ನಾವಾಗಿ ಬದಲಿಸದಿದ್ದರೆ ಮೊದಲ 1000 ಸಾಲು ಮಾತ್ರ ನೋಡುತ್ತದೆ. ‘ಬೆಲೆ ಇಲ್ಲ: 0’ ಎಂದು ನಂಬಿ ಮುಂದೆ ಹೋದರೆ 1001ನೆಯ ಸಾಲಿನಲ್ಲಿ ನಲ್ ಒಂದು ಕಾದಿರುತ್ತದೆ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದ. ಕಡತದಲ್ಲಿ ಹೀಗೆ ಹಾಕಿದ್ದೇನೆ: ಕಾಲಂ ಚಹರೆ, ಬೆಲೆ ಇಲ್ಲ, ಖಾಲಿ, ಬೇರೆ ಬೇರೆ ಬೆಲೆಗಳು, ಒಂದೇ ಸಲ ಬಂದವು. ‘ನೋಡಿದ ಸಾಲುಗಳು’ ಎಂದು ಕೊನೆಗೆ ಸೇರಿಸಲು ತಂತ್ರಾಂಶದವರನ್ನು ಕೇಳಿದ್ದೇನೆ. ಈಗ ಹೊಸ ಗಂಟು. ‘ಪ್ಯಾಟರ್ನ್’, ‘ಸ್ಯಾಂಪಲ್’ ಎರಡಕ್ಕೂ ಹಳೆಯ ಕಡತದಲ್ಲಿ ‘ಮಾದರಿ’ ಎಂದಿದೆ, ಅವೆರಡೂ ಒಂದೇ ತೆರೆಯಲ್ಲಿ ಬರುತ್ತವೆ. ಸ್ಯಾಂಪಲ್‌ಗೆ ‘ಮಾದರಿ’ ಬಿಟ್ಟು, ಪ್ಯಾಟರ್ನ್‌ಗೆ ಸದ್ಯಕ್ಕೆ ‘ಅಚ್ಚು’ ಎಂದು ಹಾಕಿದ್ದೇನೆ. ಬೇಡ ಅನ್ನುವವರು ಇವತ್ತು ರಾತ್ರಿಯೊಳಗೆ ಬೇರೆ ಪದದ ಜೊತೆ ಬನ್ನಿ.